ಸಸಿಮಡಿ ಕಾಯುವ ಯಂತ್ರದಾಳು: ನೀವೇ ಕಟ್ಟಿ, ನೀವೇ ಕಲಿಸಿ

ತರಕಾರಿ ಬೆಳೆಗಳಲ್ಲಿ ಇಳುವರಿಯ ಅಡಿಪಾಯ ಬೀಳುವುದು ಸಸಿಮಡಿಯಲ್ಲಿ ಎಂಬುದು ರೈತ ಬಾಂಧವರಿಗೆ ತಿಳಿದ ವಿಷಯವೇ ಆಗಿದೆ. ಟೊಮ್ಯಾಟೊ, ಮೆಣಸಿನಕಾಯಿ, ಬದನೆ ಇವುಗಳ ಸಸಿಗಳು ಮಡಿಯಲ್ಲಿರುವ ಕಾಲ ಹೆಚ್ಚೆಂದರೆ ನಾಲ್ಕರಿಂದ ಆರು ವಾರ. ಈ ಅವಧಿಯಲ್ಲಿ ಒಂದು ಬಿಸಿಲಿನ ದಿನ ನೀರು ತಪ್ಪಿದರೆ ಎಳೆಯ ಸಸಿ ಬಾಡಿ ಒಣಗುತ್ತದೆ. ನೀರು ಹೆಚ್ಚಾದರೆ ಪಿಥಿಯಂ ಮುಂತಾದ ಶಿಲೀಂಧ್ರಗಳು ಬಲಗೊಂಡು ಸಸಿ ಕೊಳೆರೋಗ ತಗಲುತ್ತದೆ; ಬುಡ ಮೆತ್ತಗಾಗಿ ಮಡಿಗೆ ಮಡಿಯೇ ಮಲಗುತ್ತದೆ. ಬಿತ್ತನೆ ಬೀಜದ ಬೆಲೆ ಏರಿರುವ ಈ ದಿನಗಳಲ್ಲಿ ಎರಡೂ ನಷ್ಟವೇ. ಆದರೆ ಮದುವೆ, ಸಂತೆ, ಕಚೇರಿ ಕೆಲಸ ಎಂದು ಮನೆಯವರೆಲ್ಲ ಹೊರಗೆ ಹೋಗಬೇಕಾದ ದಿನ ಮಡಿಯ ಮುಂದೆ ಕಾದು ಕೂರುವವರು ಯಾರು?

ಈ ಕೆಲಸಕ್ಕೆ ಒಂದು ಸಣ್ಣ ಯಂತ್ರದಾಳನ್ನು ಮನೆಯಲ್ಲಿಯೇ ಕಟ್ಟಿ, ಅದಕ್ಕೆ ಕೆಲಸ ಕಲಿಸುವ ವಿಧಾನವನ್ನು ಈ ಲೇಖನದಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ. ವಿದ್ಯುತ್ ಉಪಕರಣಗಳ ಬಗ್ಗೆ ಬೇಸಾಯಶಾಸ್ತ್ರದವರು ಬರೆಯುವುದೇಕೆ ಎಂದು ಯಾರಾದರೂ ಕೇಳಬಹುದು. ತಂತಿ ಜೋಡಿಸುವುದು ಒಂದು ದಿನದ ಕೆಲಸ. ಯಾವಾಗ ಎಷ್ಟು ನೀರು ಕೊಡಬೇಕೆಂದು ನಿರ್ಧರಿಸುವುದು ಮಣ್ಣು ಮತ್ತು ಬೆಳೆಯ ವಿಚಾರ. ಈ ಯಂತ್ರದ ಬುದ್ಧಿ ಎಂಬುದು ನಿಮ್ಮ ಬುದ್ಧಿಯೇ.

ರೋಬೋಟ್ ಎಂದರೇನು?

ಚೆಕ್ ನಾಟಕಕಾರ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ಒಂದು ನಾಟಕದಿಂದ ರೋಬೋಟ್ ಎಂಬ ಪದ ಜಗತ್ತಿಗೆ ಪರಿಚಯವಾಯಿತು. ಅವರ ಭಾಷೆಯಲ್ಲಿ ಇದರ ಮೂಲಪದಕ್ಕೆ ಒಡೆಯನ ಹೊಲದಲ್ಲಿ ಮಾಡುವ ಬಿಟ್ಟಿ ಚಾಕರಿ ಎಂಬ ಅರ್ಥವಿದೆ. ಹೀಗೆ ಈ ಪದ ಹುಟ್ಟಿದ್ದೇ ಹೊಲದ ಕೆಲಸದಿಂದ ಎನ್ನಬಹುದು.

ಮನುಷ್ಯನ ಆಕಾರವಿದ್ದರೆ ಮಾತ್ರ ರೋಬೋಟ್ ಎಂದು ತಿಳಿಯಬಾರದು. ಮೂರು ಗುಣಗಳಿರುವ ಯಾವ ಯಂತ್ರವೂ ರೋಬೋಟೇ. ಒಂದು, ಸುತ್ತಲಿನ ಸ್ಥಿತಿಯನ್ನು ಅರಿಯಬೇಕು. ಎರಡು, ಅರಿತದ್ದನ್ನು ಆಧರಿಸಿ ನಿರ್ಧಾರ ತೆಗೆದುಕೊಳ್ಳಬೇಕು. ಮೂರು, ನಿರ್ಧಾರದಂತೆ ಕೆಲಸ ಮಾಡಿ, ಅದರ ಫಲವನ್ನು ಮತ್ತೆ ನೋಡಬೇಕು. ಗಡಿಯಾರಕ್ಕೆ ಜೋಡಿಸಿದ ಪಂಪ್ ರೋಬೋಟ್ ಅಲ್ಲ. ಬೆಳಗಿನ ಏಳು ಗಂಟೆಯಾದರೆ ಸಾಕು, ಜೋರು ಮಳೆಯಲ್ಲಿಯೂ ಅದು ನೀರು ಹಾಯಿಸುತ್ತದೆ. ಮಣ್ಣು ಮುಟ್ಟಿ ನೋಡಿ, ಒಣಗಿದ್ದರೆ ಮಾತ್ರ ನೀರು ಕೊಟ್ಟು, ಕೊಟ್ಟ ನೀರು ಮುಟ್ಟಿತೇ ಎಂದು ಮತ್ತೆ ನೋಡುವ ಯಂತ್ರ ರೋಬೋಟ್.

ಇಂತಹ ಯಂತ್ರಕ್ಕೆ ದೊಡ್ಡ ಮೆದುಳು ಬೇಕಿಲ್ಲ ಎಂಬುದನ್ನು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಗ್ರೇ ವಾಲ್ಟರ್ ಎಂಬ ನರವಿಜ್ಞಾನಿ 1948-49ರಲ್ಲಿಯೇ ತೋರಿಸಿಕೊಟ್ಟರು. ಅವರು ಮೂರು ಚಕ್ರದ ಆಮೆಯಂತಹ ಎರಡು ಯಂತ್ರಗಳನ್ನು ಕಟ್ಟಿ ಎಲ್ಮರ್, ಎಲ್ಸಿ ಎಂದು ಹೆಸರಿಟ್ಟರು. ಒಂದೊಂದರಲ್ಲಿ ಇದ್ದದ್ದು ಹಳೆಯ ರೇಡಿಯೋದಲ್ಲಿರುತ್ತಿದ್ದಂತಹ ಎರಡು ವಾಲ್ವ್‌ಗಳು, ಬೆಳಕನ್ನು ಅರಿಯುವ ಒಂದು ಕಣ್ಣು, ತಾಗಿದ್ದನ್ನು ತಿಳಿಯುವ ಒಂದು ಸ್ಪರ್ಶ ಸ್ವಿಚ್ಚು. ಇಷ್ಟರಿಂದಲೇ ಆ ಆಮೆಗಳು ಬೆಳಕನ್ನು ಹುಡುಕಿ ಹೋಗುತ್ತಿದ್ದವು, ಅಡ್ಡ ಬಂದ ವಸ್ತುವನ್ನು ಬಳಸಿ ನಡೆಯುತ್ತಿದ್ದವು, ಬ್ಯಾಟರಿ ಇಳಿದಾಗ ದೀಪವಿದ್ದ ಗೂಡಿಗೆ ಮರಳುತ್ತಿದ್ದವು. 1992ರಲ್ಲಿ ನೆದರ್ಲೆಂಡ್ಸ್ ದೇಶದ ಹಸುವಿನ ಕೊಟ್ಟಿಗೆಗಳಲ್ಲಿ ಹಾಲು ಕರೆಯುವ ರೋಬೋಟುಗಳು ಕೆಲಸ ಆರಂಭಿಸಿದವು. ಅವು ಎಷ್ಟೇ ಜಟಿಲವಾಗಿದ್ದರೂ ಒಳಗಿನ ಸೂತ್ರ ಅದೇ: ಅರಿ, ನಿರ್ಧರಿಸು, ಮಾಡು, ಮತ್ತೆ ಅರಿ.

ಬೇಕಾಗುವ ಸಾಮಗ್ರಿಗಳು

ಕಲಿಕೆಗಾಗಿ 1 ಮೀಟರ್ ಉದ್ದ, 1 ಮೀಟರ್ ಅಗಲದ ಒಂದು ಮಡಿಯನ್ನು ಆರಿಸಿಕೊಳ್ಳಿ. ಸಾಮಗ್ರಿಗಳು ಹೀಗಿವೆ:

1. ಆರ್ಡುಯಿನೋ ಯುನೋ ಎಂಬ ಪುಟ್ಟ ಗಣಕ ಹಲಗೆ. ಇಟಲಿಯ ಇವ್ರೆಯಾ ಪಟ್ಟಣದಲ್ಲಿ 2005ರಲ್ಲಿ ವಿದ್ಯಾರ್ಥಿಗಳ ಉಪಯೋಗಕ್ಕೆಂದು ಆರಂಭವಾದ ಯೋಜನೆಯಿಂದ ಇದು ಬಂದಿದೆ. ಇದು ಅಂಗೈಗಿಂತ ಚಿಕ್ಕದು.
2. ಕೆಪ್ಯಾಸಿಟಿವ್ ಬಗೆಯ ಮಣ್ಣಿನ ತೇವ ಸಂವೇದಕ, ಅಂದರೆ ಸೆನ್ಸರ್.
3. ಒಂದು ರಿಲೇ. ಇದು ಗಣಕದ ಸಣ್ಣ ಸಂಕೇತದಿಂದ ದೊಡ್ಡ ಪ್ರವಾಹವನ್ನು ಹಚ್ಚಿ ಆರಿಸುವ ಸ್ವಿಚ್ಚು.
4. 12 ವೋಲ್ಟಿನ ಸಣ್ಣ ಪಂಪ್, 12 ವೋಲ್ಟಿನ ಬ್ಯಾಟರಿ, ಪಂಪಿನ ಆಂಪಿಯರಿಗೆ ತಕ್ಕ ಫ್ಯೂಸ್.
5. ಕಾರಿನಲ್ಲಿ ಮೊಬೈಲ್ ಚಾರ್ಜ್ ಮಾಡುವ ಸಾಧನ. 12 ವೋಲ್ಟನ್ನು 5 ವೋಲ್ಟಿಗೆ ಇಳಿಸಿ ಹಲಗೆಗೆ ಕೊಡಲು ಇದು ಸಾಕು.
6. ನೀರಿನ ಡ್ರಮ್ಮು, ಅದರೊಳಗೆ ಇಡುವ ತೇಲು ಸ್ವಿಚ್ಚು.
7. ಬೆಳಕು ಸಂವೇದಕ ಒಂದು, 10 ಕಿಲೋ ಓಮ್ ರೋಧಕ ಒಂದು, ಬಜರ್ ಒಂದು, ಒತ್ತುವ ಗುಂಡಿ ಒಂದು, 1ಎನ್4007 ಡಯೋಡ್ ಒಂದು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವೆಲ್ಲ ದೊರೆಯುತ್ತವೆ. ಅಂಚೆಯ ಮೂಲಕವೂ ತರಿಸಬಹುದು. 2016ರಿಂದ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ನಿಮ್ಮ ಊರ ಶಾಲೆಯಲ್ಲಿದ್ದರೆ ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳು ಇಂತಹ ಹಲಗೆಗಳನ್ನು ಬಳಸಿ ಕಲಿಯುತ್ತಿರುತ್ತಾರೆ. ಮನೆಯ ಮಗನನ್ನೋ ಮಗಳನ್ನೋ ಜೊತೆಗೆ ಕೂರಿಸಿಕೊಳ್ಳಿ. ತಂತಿ ಅವರದು, ಮಣ್ಣು ನಿಮ್ಮದು ಆಗಲಿ.

ಸಂವೇದಕ ಕೊಳ್ಳುವಾಗ ಒಂದು ಎಚ್ಚರಿಕೆ ಅವಶ್ಯ. ಎರಡು ಲೋಹದ ಕಡ್ಡಿಗಳಿರುವ ಅಗ್ಗದ ಸಂವೇದಕವೂ ಮಾರಾಟಕ್ಕಿದೆ. ತೇವದ ಮಣ್ಣಿನಲ್ಲಿ ಅದರ ಕಡ್ಡಿಗಳ ನಡುವೆ ವಿದ್ಯುತ್ ಹರಿಯುವುದರಿಂದ ಲೋಹ ಬೇಗನೆ ಸವೆದುಹೋಗುತ್ತದೆ. ಗೊಬ್ಬರದ ಲವಣಗಳಿಂದ ಅದರ ಅಳತೆಯೂ ಬಹಳ ಏರುಪೇರಾಗುತ್ತದೆ. ಕೆಪ್ಯಾಸಿಟಿವ್ ಬಗೆಯಲ್ಲಿ ಲೋಹ ಮಣ್ಣಿಗೆ ತಾಗುವುದಿಲ್ಲ, ಆದುದರಿಂದ ಬಾಳಿಕೆ ಹೆಚ್ಚು. ಆದರೂ ಅದರ ಅಂಚುಗಳಿಂದ ನೀರು ಒಳಸೇರುವ ಸಂಭವವುಂಟು. ಹೂಳುವ ಮುನ್ನ ಅಂಚಿಗೆ ಉಗುರುಬಣ್ಣವನ್ನು ಎರಡು ಸಲ ಬಳಿದು ಒಣಗಿಸಿ.

ಜೋಡಣೆ

ಸಂವೇದಕದ ಮೂರು ತಂತಿಗಳಲ್ಲಿ ಒಂದು 5 ವೋಲ್ಟಿಗೆ, ಒಂದು ಗ್ರೌಂಡಿಗೆ, ಸಂಕೇತದ ತಂತಿ ಎ-0 ಎಂಬ ಕಿಂಡಿಗೆ ಸೇರಬೇಕು. ಬೆಳಕು ಸಂವೇದಕದ ಒಂದು ಕಾಲು 5 ವೋಲ್ಟಿಗೆ, ಇನ್ನೊಂದು ಕಾಲು ಎ-1 ಕಿಂಡಿಗೆ. ಎ-1ರಿಂದಲೇ ರೋಧಕವನ್ನು ಗ್ರೌಂಡಿಗೆ ಸೇರಿಸಿ. ರಿಲೇಯ ಸಂಕೇತ 7ನೆಯ ಕಿಂಡಿಗೆ, ಬಜರ್ 8ಕ್ಕೆ, ತೇಲು ಸ್ವಿಚ್ಚು 4ಕ್ಕೆ, ಒತ್ತುವ ಗುಂಡಿ 2ಕ್ಕೆ. ಇವುಗಳ ಇನ್ನೊಂದು ತುದಿ ಗ್ರೌಂಡಿಗೆ.

ಬ್ಯಾಟರಿಯ ಧನ ತುದಿಯಿಂದ ಫ್ಯೂಸಿನ ಮೂಲಕ ತಂತಿಯನ್ನು ರಿಲೇಯ ನಡುವಿನ ಕೊಂಡಿಗೆ ತನ್ನಿ. ರಿಲೇ ಆರಿದ್ದಾಗ ಸಂಪರ್ಕ ಕಡಿದಿರುವ ಬದಿಯ ಕೊಂಡಿಯಿಂದ ಪಂಪಿಗೆ ಒಯ್ಯಿರಿ. ಹೀಗೆ ಮಾಡಿದರೆ ಗಣಕ ಕೆಟ್ಟು ಸುಮ್ಮನಾದರೆ ಪಂಪೂ ನಿಲ್ಲುತ್ತದೆ. ಪಂಪಿನ ಎರಡು ತುದಿಗಳ ನಡುವೆ ಡಯೋಡನ್ನು, ಅದರ ಬಿಳಿ ಪಟ್ಟಿಯ ಬದಿ ಧನ ತಂತಿಗೆ ಬರುವಂತೆ ಬೆಸೆಯಿರಿ. ಮೋಟಾರು ನಿಲ್ಲುವ ಕ್ಷಣದಲ್ಲಿ ಏಳುವ ಹಿಮ್ಮುಖ ವೋಲ್ಟೇಜನ್ನು ಅದು ತಡೆಯುತ್ತದೆ.

ತೇಲು ಸ್ವಿಚ್ಚನ್ನು ಡ್ರಮ್ಮಿನಲ್ಲಿ ನೀರಿದ್ದಾಗ ಸಂಪರ್ಕ ಕೂಡಿರುವಂತೆ ನಿಲ್ಲಿಸಬೇಕು. ಆಗ ಇಲಿ ತಂತಿ ಕಡಿದರೂ ಯಂತ್ರ ನೀರಿಲ್ಲವೆಂದೇ ತಿಳಿದು ಪಂಪನ್ನು ಓಡಿಸುವುದಿಲ್ಲ. ಕೆಟ್ಟರೂ ನಷ್ಟವಾಗದ ಕಡೆಗೆ ಕೆಡಬೇಕು ಎಂಬುದು ಇಂತಹ ಎಲ್ಲ ಯಂತ್ರಗಳ ಮೊದಲ ನಿಯಮ.

ಡ್ರಮ್ಮಿನ ನೀರಿನ ಮಟ್ಟ ಮಡಿಯ ಮೇಲಿನ ಕೊಳವೆಯ ಬಾಯಿಗಿಂತ ಕೆಳಗಿರಲಿ. ಮೇಲಿದ್ದರೆ ಪಂಪ್ ನಿಂತ ಮೇಲೂ ನೀರು ತಾನಾಗಿಯೇ ಹರಿದು ಡ್ರಮ್ಮು ಬರಿದಾಗಬಹುದು. ಇದನ್ನು ಯಾವ ಗಣಕವೂ ತಡೆಯಲಾರದು.

ಯಂತ್ರಕ್ಕೆ ಮಣ್ಣಿನ ಭಾಷೆ ಕಲಿಸುವುದು

ಯುನೋ ಹಲಗೆ ಸಂವೇದಕದ ವೋಲ್ಟೇಜನ್ನು 0ಯಿಂದ 1023ರವರೆಗಿನ ಒಂದು ಅಂಕಿಯಾಗಿ ಓದುತ್ತದೆ. ಈ ಬಗೆಯ ಸಂವೇದಕದಲ್ಲಿ ಮಣ್ಣು ಒಣಗಿದಷ್ಟೂ ಅಂಕಿ ಏರುತ್ತದೆ, ನೆನೆದಷ್ಟೂ ಇಳಿಯುತ್ತದೆ. ಒಂದೊಂದು ಸಂವೇದಕದ ಅಂಕಿ ಒಂದೊಂದು ಬಗೆ. ಆದುದರಿಂದ ನಿಮ್ಮದನ್ನು ನೀವೇ ಪರೀಕ್ಷಿಸಿಕೊಳ್ಳಬೇಕು.

ಮಡಿಯ ಮಣ್ಣನ್ನೇ ಒಂದು ಡಬ್ಬಿಯಷ್ಟು ತೆಗೆದು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಸಂವೇದಕವನ್ನು ಅದರ ಮೇಲಿನ ಗೆರೆಯವರೆಗೆ ಊರಿ ಅಂಕಿ ಬರೆದುಕೊಳ್ಳಿ. ಅದು 540 ಎಂದು ಭಾವಿಸೋಣ. ನಂತರ ಅದೇ ಡಬ್ಬಿಗೆ ಮೇಲೆ ನೀರು ನಿಲ್ಲುವಷ್ಟು ಸುರಿದು ಓದಿ. ಅದು 290 ಇರಲಿ. ಈಗ ತೇವದ ಅಂಕವನ್ನು ಹೀಗೆ ಲೆಕ್ಕ ಹಾಕಬೇಕು: 540ರಲ್ಲಿ ಈಗಿನ ಓದನ್ನು ಕಳೆದು, 250ರಿಂದ ಭಾಗಿಸಿ, 100ರಿಂದ ಗುಣಿಸಿ. ಈಗಿನ ಓದು 415 ಇದ್ದರೆ ಅಂಕ 50.

ಈ 50 ಎಂಬುದು ಮಣ್ಣಿನಲ್ಲಿ ಶೇಕಡ 50 ನೀರಿದೆ ಎಂದಲ್ಲ. ಒಣಗಿದ್ದಕ್ಕೂ ನೆನೆದದ್ದಕ್ಕೂ ನಡುವಿನ ಒಂದು ಗುರುತು ಅಷ್ಟೇ. ನಿಜವಾದ ತೇವಾಂಶ ತಿಳಿಯಲು ಮಣ್ಣನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗಬೇಕು. 100 ಗ್ರಾಂ ಹಸಿ ಮಣ್ಣು ಒಣಗಿ 84 ಗ್ರಾಂ ಆದರೆ ಹೋದ ನೀರು 16 ಗ್ರಾಂ. ಒಣ ಮಣ್ಣಿನ ತೂಕಕ್ಕೆ ಹೋಲಿಸಿದರೆ ತೇವಾಂಶ ಸುಮಾರು ಶೇಕಡ 19. ನಮ್ಮ ಕೆಲಸಕ್ಕೆ ಇಷ್ಟು ನಿಖರತೆ ಬೇಕಾಗಿಲ್ಲ.

ಬೇಕಾದದ್ದು ಎರಡು ಗೆರೆಗಳು. ಮೊದಲು ಮಡಿಗೆ ಹೊಟ್ಟೆ ತುಂಬ ನೀರುಣಿಸಿ, ಹೆಚ್ಚಿನ ನೀರು ಬಸಿದುಹೋಗಲು ಬಿಡಿ. ಮರಳು ಮಿಶ್ರಿತ ಕೆಂಪು ಮಣ್ಣಿಗೆ ಒಂದು ದಿನ ಸಾಕು. ಕಪ್ಪು ಮಣ್ಣಿಗೆ ಎರಡು ಮೂರು ದಿನ ಬೇಕು. ಆಗ ಮಣ್ಣು ಹಿಡಿದುಕೊಂಡ ನೀರೇ ಸಸಿಗೆ ಹಿತವಾದ ಮೇಲಿನ ಮಿತಿ. ಅಂಕ 72 ಬಂದಿತೆನ್ನಿ. ಬಳಿಕ ಮಡಿಯ ಒಂದು ಮೂಲೆಗೆ ನೀರು ನಿಲ್ಲಿಸಿ ದಿನಕ್ಕೆರಡು ಸಲ ಬೆರಳಿನಿಂದ ಮುಟ್ಟಿ ನೋಡಿ. ಮಧ್ಯಾಹ್ನ ಆ ಮೂಲೆಯ ಸಸಿಗಳ ತುದಿ ಜೋಲುವ ಮೊದಲ ಸೂಚನೆ ಕಂಡಾಗ ಸಂವೇದಕವನ್ನು ಅಲ್ಲಿ ಊರಿ ಓದಿ, ಕೂಡಲೇ ನೀರು ಕೊಡಿ. ಅಂಕ 40 ಎನ್ನಿ. ಸಸಿ ಜೋಲುವವರೆಗೆ ಕಾಯಬಾರದಾದ್ದರಿಂದ ಪ್ರಾರಂಭ ಗೆರೆಯನ್ನು 50ಕ್ಕೂ, ಗುರಿ ಗೆರೆಯನ್ನು 70ಕ್ಕೂ ಇಡಿ. ಇವು ಉದಾಹರಣೆಯ ಅಂಕಗಳು ಮಾತ್ರ. ನಿಮ್ಮ ಮಣ್ಣಿನ ಅಂಕವನ್ನು ನಿಮ್ಮ ಕಣ್ಣು ಮತ್ತು ಬೆರಳೇ ಹೇಳಬೇಕು.

ಎರಡು ಗೆರೆ ಏಕೆ? ಒಂದೇ ಗೆರೆ ಇದ್ದರೆ ಅಂಕ 49 ಆದೊಡನೆ ಪಂಪ್ ಹಚ್ಚಿ, 50 ಆದೊಡನೆ ಆರಿ, ರಿಲೇ ಟಕಟಕ ಬಡಿದುಕೊಳ್ಳುತ್ತದೆ. ಎತ್ತು ಒಂದು ಗುಟುಕು ಕುಡಿದಾಗಲೆಲ್ಲ ಬಾನಿಗೆ ಒಂದು ಲೋಟ ನೀರು ಸುರಿಯುವವರುಂಟೇ? ಅರ್ಧ ಬರಿದಾದ ಮೇಲೆ ತುಂಬಿಸುತ್ತೇವೆ. ಇದೂ ಹಾಗೆಯೇ.

ಎಷ್ಟು ಹೊತ್ತು ನೀರು?

ಗುರಿ ಮುಟ್ಟುವವರೆಗೆ ಪಂಪ್ ಓಡಿಸು ಎಂದು ಯಂತ್ರಕ್ಕೆ ಹೇಳುವುದು ಸುಲಭವಾಗಿ ತೋರುತ್ತದೆ, ಆದರೆ ಅದು ತಪ್ಪು. ಮೇಲೆ ಬಿದ್ದ ನೀರು ಬೇರಿನ ಆಳಕ್ಕೆ ಇಳಿಯಲು ಕಾಲ ಬೇಕು. ಸಂವೇದಕಕ್ಕೆ ಸುದ್ದಿ ಮುಟ್ಟುವಷ್ಟರಲ್ಲಿ ಮಡಿ ಕೆಸರಾಗಿರುತ್ತದೆ. ಆದುದರಿಂದ ಒಂದು ಸರದಿ ನೀರು ಕೊಟ್ಟು, 20 ನಿಮಿಷ ಕಾದು, ನಂತರ ಓದಬೇಕು.

ಸರದಿಯ ಪ್ರಮಾಣ ಹೀಗೆ ನಿರ್ಧರಿಸಿ. 1 ಚದರ ಮೀಟರ್ ಮಡಿಗೆ ಸುರಿದ 1 ಲೀಟರ್ ನೀರು 1 ಮಿಲಿಮೀಟರ್ ಮಳೆಗೆ ಸಮ. ಪಂಪಿನ ನೀರನ್ನು ಬಕೆಟ್ಟಿಗೆ ಬಿಟ್ಟು ಗಡಿಯಾರ ನೋಡಿ ಅಳೆಯಿರಿ. ನಿಮಿಷಕ್ಕೆ 2 ಲೀಟರ್ ಬಂದರೆ 60 ಸೆಕೆಂಡಿನ ಸರದಿ ಎಂದರೆ 2 ಮಿ.ಮೀ. ಮಳೆ. ದಿನಕ್ಕೆ 8 ಲೀಟರಿಗಿಂತ ಹೆಚ್ಚು ಈ ಮಡಿಗೆ ಬೇಕಾಗದು ಎಂದು ನೀವು ಎಣಿಸಿದರೆ, ದಿನದ ಮಿತಿ 240 ಸೆಕೆಂಡು.

ಕಾರ್ಯಸೂಚಿ

ಗಣಕಕ್ಕೆ ಕೊಡುವ ಆಜ್ಞೆಗಳ ಸರಣಿಗೆ ಪ್ರೋಗ್ರಾಂ ಅಥವಾ ಕಾರ್ಯಸೂಚಿ ಎಂದು ಹೆಸರು. ಗಣಕದಲ್ಲಿ ಇದನ್ನು ಸಿ++ ಎಂಬ ಭಾಷೆಯಲ್ಲಿ ಬೆರಳಚ್ಚು ಮಾಡಬೇಕಾಗುತ್ತದೆ. ಆದರೆ ಮೊದಲು ಕನ್ನಡದಲ್ಲಿ ತಪ್ಪಿಲ್ಲದೆ ಬರೆದುಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ. ಹೊಸದಾಗಿ ಸೇರಿದ ಆಳಿಗೆ ಹೇಳುವಂತೆ, ಒಂದನ್ನೂ ಬಿಡದೆ ಹೇಳಬೇಕು.

1. ಎದ್ದ ಕೂಡಲೆ ಪಂಪ್ ನಿಲ್ಲಿಸು. ನೆನಪಿನಿಂದ ಸರದಿಯ ಸೆಕೆಂಡು, ಇಂದಿನ ಮೊತ್ತ, ದೋಷದ ಎಣಿಕೆ ಇವುಗಳನ್ನು ಓದಿಕೊ.
2. ದೋಷದ ಎಣಿಕೆ 2 ಆಗಿದ್ದರೆ ಪಂಪ್ ಮುಟ್ಟಬೇಡ. ಬಜರ್ ಬಾರಿಸು. ಮನುಷ್ಯರು ಬಂದು ಗುಂಡಿ ಒತ್ತಿದರೆ ಎಣಿಕೆಯನ್ನು 0 ಮಾಡು.
3. ನಾಲ್ಕು ಗಂಟೆ ಸತತ ಕತ್ತಲೆಯಿದ್ದು ಬೆಳಕು ಬಂದರೆ ಹೊಸ ದಿನವೆಂದು ತಿಳಿ. ಇಂದಿನ ಮೊತ್ತವನ್ನು 0 ಮಾಡು.
4. ಕತ್ತಲೆಯಿದ್ದರೆ ನೀರು ಕೊಡಬೇಡ.
5. ಸಂವೇದಕವನ್ನು ಒಂಬತ್ತು ಸಲ ಓದು. ಏರಿಕೆ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ತೆಗೆದುಕೊಂಡು ಅಂಕ ಮಾಡು.
6. ಅಂಕ 50 ಅಥವಾ ಹೆಚ್ಚಿದ್ದರೆ ಹತ್ತು ನಿಮಿಷ ಬಿಟ್ಟು 2ರಿಂದ ಮತ್ತೆ ಆರಂಭಿಸು.
7. ಅಂಕ 50ಕ್ಕಿಂತ ಕಡಿಮೆಯಿದ್ದರೆ, ಡ್ರಮ್ಮಿನಲ್ಲಿ ನೀರಿದೆಯೇ ನೋಡು. ಈ ಸರದಿ ಸೇರಿ ಇಂದಿನ ಮೊತ್ತ 240 ಸೆಕೆಂಡು ಮೀರುವುದೇ ನೋಡು. ನೀರಿಲ್ಲದಿದ್ದರೆ ಅಥವಾ ಮೀರುವುದಾದರೆ ಬಜರ್ ಬಾರಿಸಿ 2ಕ್ಕೆ ಹೋಗು.
8. ಒಂದು ಸರದಿ ನೀರು ಕೊಡು. ಮೊತ್ತಕ್ಕೆ ಸೇರಿಸಿ ನೆನಪಿನಲ್ಲಿಡು. 20 ನಿಮಿಷ ಕಾದು ಅಂಕವನ್ನು ಮತ್ತೆ ಓದು.
9. ಅಂಕ ಮೊದಲಿಗಿಂತ 3ರಷ್ಟಾದರೂ ಏರದಿದ್ದರೆ ದೋಷದ ಎಣಿಕೆಗೆ 1 ಸೇರಿಸಿ, ನೆನಪಿನಲ್ಲಿಟ್ಟು 2ಕ್ಕೆ ಹೋಗು. ಏರಿದ್ದರೆ ಎಣಿಕೆಯನ್ನು 0 ಮಾಡು.
10. ಅಂಕ 65ಕ್ಕಿಂತ ಕಡಿಮೆ ನಿಂತಿದ್ದರೆ ಸರದಿಗೆ 5 ಸೆಕೆಂಡು ಕೂಡಿಸು. 75 ಮೀರಿದ್ದರೆ 5 ಸೆಕೆಂಡು ಕಳೆ. ನಡುವೆ ಇದ್ದರೆ ಬದಲಿಸಬೇಡ. ಸರದಿ 20ಕ್ಕಿಂತ ಕೆಳಗೂ 120ಕ್ಕಿಂತ ಮೇಲೂ ಹೋಗಬಾರದು. ನೆನಪಿನಲ್ಲಿಟ್ಟು 2ಕ್ಕೆ ಹೋಗು.

ಹತ್ತನೆಯ ಆಜ್ಞೆಯನ್ನು ಗಮನಿಸಿ. ಯಂತ್ರ ಕಲಿಯುವುದು ಎಂದರೆ ಇದೇ. 60 ಸೆಕೆಂಡು ಕೊಟ್ಟಾಗ ಅಂಕ 49ರಿಂದ 61ಕ್ಕೆ ಮಾತ್ರ ಏರಿತೆನ್ನಿ. ಯಂತ್ರ ಮುಂದಿನ ಸಲಕ್ಕೆ 65 ಸೆಕೆಂಡು ಎಂದು ಬರೆದಿಟ್ಟುಕೊಳ್ಳುತ್ತದೆ. ಆಗ 63ಕ್ಕೆ ಏರಿದರೆ 70 ಸೆಕೆಂಡು. ಆಗ 66 ಬಂದರೆ ಅಲ್ಲಿಗೆ ನಿಲ್ಲುತ್ತದೆ. ನೀವು ಅದಕ್ಕೆ 70 ಎಂದು ಹೇಳಿರಲಿಲ್ಲ, ಮಡಿಯೇ ಹೇಳಿಕೊಟ್ಟಿತು. ಹಲಗೆಯಲ್ಲಿ ವಿದ್ಯುತ್ ಹೋದರೂ ಅಳಿಯದ ಒಂದು ಸಣ್ಣ ನೆನಪಿನ ಗೂಡು ಇರುವುದರಿಂದ ಕಲಿತದ್ದು ಮರೆಯುವುದಿಲ್ಲ.

ಯಂತ್ರ ಮೋಸಹೋಗುವ ಬಗೆ

ಒಂಬತ್ತನೆಯ ಆಜ್ಞೆಯನ್ನು ಯಾರೂ ಬಿಡಬಾರದು. ಕೋಳಿಯೋ ನಾಯಿಯೋ ಕೆದಕಿ ಸಂವೇದಕ ಮಣ್ಣಿನಿಂದ ಹೊರಗೆ ಬಿತ್ತೆನ್ನಿ. ಗಾಳಿಯಲ್ಲಿರುವ ಸಂವೇದಕಕ್ಕೆ ತೋರುವುದು ಒಣಗಿದ ಮಣ್ಣು. ಯಂತ್ರ ನೀರು ಕೊಡುತ್ತದೆ, ನೋಡುತ್ತದೆ, ಇನ್ನೂ ಒಣಗಿಯೇ ಇದೆ. ಮತ್ತೆ ಕೊಡುತ್ತದೆ. ತಡೆಯುವ ಆಜ್ಞೆ ಇಲ್ಲದಿದ್ದರೆ ಡ್ರಮ್ಮು ಬರಿದಾಗುವವರೆಗೆ ಸುರಿದು, ಸಂಜೆಗೆ ನೀವು ಬಂದು ನೋಡುವಾಗ ಮಡಿ ಕೆರೆಯಾಗಿರುತ್ತದೆ. ಯಂತ್ರ ಆಜ್ಞೆ ಮೀರಿಲ್ಲ, ಅದಕ್ಕೆ ಗೊತ್ತಿದ್ದದ್ದೇ ಅಷ್ಟು. ತಾನು ಮಾಡಿದ ಕೆಲಸದ ಫಲ ಕಾಣದಿದ್ದರೆ ತನ್ನ ಕಣ್ಣನ್ನೇ ಅನುಮಾನಿಸಿ ಕೈ ಕಟ್ಟಿ ನಿಂತು ಯಜಮಾನನನ್ನು ಕೂಗುವುದು ಬುದ್ಧಿವಂತ ಆಳಿನ ಲಕ್ಷಣ. ಅದನ್ನೂ ನಾವೇ ಕಲಿಸಬೇಕು.

ಸಂವೇದಕವನ್ನು ನೆಟ್ಟಗೆ, ಬೇರಿನ ವಲಯದಲ್ಲಿ, ಸುತ್ತ ಗಾಳಿಯ ಸಂದಿಲ್ಲದಂತೆ ಮಣ್ಣೊತ್ತಿ ಊರಬೇಕು. ನೀರು ಬೀಳುವ ಜಾಗದ ನೇರ ಕೆಳಗಾಗಲಿ, ಬೇಗ ಒಣಗುವ ಮಡಿಯ ಅಂಚಿನಲ್ಲಾಗಲಿ ಊರಬಾರದು. ಗೆರೆಯ ಮೇಲಿನ ಭಾಗಕ್ಕೆ ನೀರು ಸೋಕಬಾರದು.

ಒಂದು ವಾರ ಪಂಪ್ ಇಲ್ಲದೆ

ಎಲ್ಲವನ್ನೂ ಒಂದೇ ದಿನ ಜೋಡಿಸಿ ಪಂಪ್ ಬಿಡಬೇಡಿ. ಮೊದಲನೆಯ ದಿನ ಹಲಗೆಯ ಮೇಲಿನ ದೀಪವನ್ನು ಮಿನುಗಿಸಲು ಕಲಿಯಿರಿ. ಎರಡನೆಯ ದಿನ ಸಂವೇದಕದ ಅಂಕಿಯನ್ನು ಗಣಕದ ಪರದೆಯ ಮೇಲೆ ಓದಿ. ಮೂರನೆಯ ದಿನ ರಿಲೇಯನ್ನು ಟಕ್ಕೆನಿಸಿ ನೋಡಿ. ಹಲವು ರಿಲೇಗಳು ಸಂಕೇತ ಇಳಿದಾಗ ಹಚ್ಚಿ, ಏರಿದಾಗ ಆರುತ್ತವೆ, ನಿಮ್ಮದು ಯಾವ ಬಗೆ ಎಂದು ತಿಳಿದುಕೊಳ್ಳಿ. ನಾಲ್ಕನೆಯ ದಿನ ಡ್ರಮ್ಮಿನಿಂದ ಬಕೆಟ್ಟಿಗೆ ಪಂಪ್ ಓಡಿಸಿ.

ನಂತರ ಒಂದು ವಾರ ಯಂತ್ರವನ್ನು ಮಡಿಯಲ್ಲಿಡಿ, ಆದರೆ ಪಂಪಿನ ಬದಲಿಗೆ 12 ವೋಲ್ಟಿನ ದೀಪ ಜೋಡಿಸಿ, ಕೊನೆಯ ಎರಡು ಆಜ್ಞೆಗಳನ್ನು ತಡೆಹಿಡಿಯಿರಿ. ದೀಪ ಹತ್ತಿತು ಎಂದರೆ ಈಗ ನೀರು ಬೇಕೆಂದು ಯಂತ್ರದ ಅಭಿಪ್ರಾಯ. ನೀವು ಎಂದಿನಂತೆ ಮುಟ್ಟಿ ನೋಡಿ ಕೈಯಿಂದಲೇ ನೀರು ಕೊಡಿ. ಒಂದು ಪುಸ್ತಕದಲ್ಲಿ ತಾರೀಖು, ಹೊತ್ತು, ಯಂತ್ರದ ಅಂಕ, ಯಂತ್ರದ ಅಭಿಪ್ರಾಯ, ನಿಮ್ಮ ಅಭಿಪ್ರಾಯ ಎಂದು ಐದು ಕಲಂ ಬರೆಯಿರಿ. ಯಂತ್ರ ಬೇಕೆನ್ನುವಾಗ ನಿಮ್ಮ ಬೆರಳಿಗೆ ಹಸಿ ತಗಲಿದರೆ ಪ್ರಾರಂಭ ಗೆರೆಯನ್ನು ಇಳಿಸಿ. ಸಸಿ ಬಾಡುವಂತಿದ್ದರೂ ಯಂತ್ರ ಸುಮ್ಮನಿದ್ದರೆ ಏರಿಸಿ. ಇಬ್ಬರ ಅಭಿಪ್ರಾಯ ಸತತ ಮೂರು ನಾಲ್ಕು ದಿನ ಕೂಡಿ ಬಂದ ಮೇಲೆ ಮಾತ್ರ ಪಂಪನ್ನು ಅದರ ಕೈಗೆ ಕೊಡಬೇಕು. ಆಗಲೂ ಸಂವೇದಕವನ್ನು ಬೇಕೆಂದೇ ಹೊರಗೆ ಕಿತ್ತಿಟ್ಟು, ಎರಡು ಸರದಿಗೆ ಬಜರ್ ಕೂಗಿ ಪಂಪ್ ನಿಲ್ಲುವುದೇ ಎಂದು ಪರೀಕ್ಷಿಸಿ. ಹಾಗೆಯೇ ಡ್ರಮ್ಮು ಬರಿದು ಮಾಡಿ ನೋಡಿ. ಈ ಎರಡು ಪರೀಕ್ಷೆಗಳಲ್ಲಿ ತೇರ್ಗಡೆಯಾಗದ ಯಂತ್ರದ ವಶಕ್ಕೆ ಮಡಿಯನ್ನು ಬಿಟ್ಟು ಊರಿಗೆ ಹೋಗತಕ್ಕದ್ದಲ್ಲ.

ದೊಡ್ಡ ಪಂಪಿನ ವಿಷಯದಲ್ಲಿ ಎಚ್ಚರಿಕೆ

ಇದನ್ನು ಕಟ್ಟಿ ಗೆದ್ದವರಿಗೆ ಕೊಳವೆಬಾವಿಯ ಮೋಟಾರಿಗೂ ಜೋಡಿಸುವ ಆಸೆ ಹುಟ್ಟುವುದು ಸಹಜ. ಮೂರು ಫೇಸ್ ವಿದ್ಯುತ್ ಕೆಲವೇ ಗಂಟೆ, ಹಲವೆಡೆ ರಾತ್ರಿ ಪಾಳಿಯಲ್ಲಿ ಬರುವಾಗ ಕತ್ತಲೆಯಲ್ಲಿ ಹಾವು ಹುಳುಗಳ ನಡುವೆ ಪಂಪ್‌ಮನೆಗೆ ನಡೆಯುವ ಕಷ್ಟ ಎಲ್ಲರಿಗೂ ತಿಳಿದದ್ದೇ. ಆದರೆ ಈ ಸಣ್ಣ ರಿಲೇಯಿಂದ ಮೂರು ಫೇಸ್ ಮೋಟಾರನ್ನು ಎಂದಿಗೂ ನೇರವಾಗಿ ಹಚ್ಚಬಾರದು. ಸ್ಟಾರ್ಟರಿನ ಮೂಲಕವೇ, ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದಲೇ ಆ ಜೋಡಣೆ ಆಗಬೇಕು. ಫೇಸ್ ತಪ್ಪಿದಾಗ ಹಾಗೂ ಬಾವಿ ಬತ್ತಿದಾಗ ಮೋಟಾರು ನಿಲ್ಲಿಸುವ ರಕ್ಷಣಾ ಸಾಧನಗಳು ಇರಲೇಬೇಕು.

ತಾನಾಗಿ ಹತ್ತುವ ಯಂತ್ರ ತನ್ನ ಮೇಲೆ ಯಾರ ಕೈಯಿದೆ ಎಂದು ನೋಡುವುದಿಲ್ಲ. ಮೋಟಾರನ್ನು ಮುಟ್ಟುವ ಮುನ್ನ ಮೇನ್ ಸ್ವಿಚ್ಚು ತೆಗೆದು, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಇನ್ನೊಂದು ಮಾತು. ಆಟೋ ಸ್ಟಾರ್ಟರುಗಳಿರುವ ಊರಿನಲ್ಲಿ ವಿದ್ಯುತ್ ಬಂದ ಕ್ಷಣವೇ ಎಲ್ಲ ಮೋಟಾರುಗಳೂ ಒಟ್ಟಿಗೆ ಎದ್ದು ಟ್ರಾನ್ಸ್‌ಫಾರ್ಮರಿನ ಮೇಲೆ ಭಾರ ಬೀಳುತ್ತದೆ. ಅದು ಸುಟ್ಟರೆ ಹತ್ತಾರು ಮನೆಗಳ ಬೆಳೆ ಒಣಗುತ್ತದೆ. ಒಬ್ಬರು 3 ನಿಮಿಷ, ಮತ್ತೊಬ್ಬರು 6 ನಿಮಿಷ ಎಂದು ಅಕ್ಕಪಕ್ಕದವರು ಮಾತಾಡಿಕೊಂಡು ತಡೆದು ಹಚ್ಚುವಂತೆ ಯಂತ್ರಕ್ಕೆ ಕಲಿಸಬಹುದು. ಒಂದೇ ಸಾಲಿನ ಆಜ್ಞೆಯಿಂದ ಊರಿಗೆ ಉಪಕಾರವಾಗುತ್ತದೆ.

ನೆನಪಿಡಬೇಕಾದ ಅಂಶಗಳು

1. ಕೆಪ್ಯಾಸಿಟಿವ್ ಸಂವೇದಕವನ್ನೇ ಕೊಳ್ಳಿ. ಅಂಚಿಗೆ ಬಣ್ಣ ಬಳಿಯಿರಿ.
2. ನಿಮ್ಮ ಮಣ್ಣಿನಲ್ಲಿಯೇ ಅಂಕಗಳನ್ನು ಗೊತ್ತುಮಾಡಿಕೊಳ್ಳಿ. ಬೇರೆಯವರ ಅಂಕ ನಿಮಗೆ ಆಗದು.
3. ಸರದಿ ಕೊಟ್ಟು, ಕಾದು, ನಂತರ ಓದುವಂತೆ ಮಾಡಿ.
4. ದಿನದ ಮಿತಿ, ದೋಷದ ಎಣಿಕೆ, ತೇಲು ಸ್ವಿಚ್ಚು ಈ ಮೂರೂ ಇರಲಿ.
5. ಒಂದು ವಾರ ಅಭಿಪ್ರಾಯ ಮಾತ್ರ ಕೇಳಿ. ನಂತರ ಪಂಪ್ ಕೊಡಿ.
6. ಮಣ್ಣಿನ ಮಿಶ್ರಣ ಬದಲಾದರೆ ಅಂಕಗಳನ್ನು ಮತ್ತೆ ಗೊತ್ತುಮಾಡಿ.

ಕೊನೆಯದಾಗಿ, ಈ ಯಂತ್ರಕ್ಕೆ ತೇವ ಮತ್ತು ಬೆಳಕು ಎರಡೇ ಗೊತ್ತು. ಎಲೆಯ ಅಡಿಯಲ್ಲಿ ಬಿಳಿನೊಣ ಕುಳಿತು ಟೊಮ್ಯಾಟೊ ಸಸಿಗೆ ಎಲೆ ಮುದುಡು ರೋಗ ಹಚ್ಚುತ್ತಿದ್ದರೆ ಅದಕ್ಕೆ ತಿಳಿಯದು. ಬುಡ ಕೊಳೆಯಲಾರಂಭಿಸಿದ ಸಸಿಯನ್ನೂ ಅದು ಗುರುತಿಸಲಾರದು. ನೀರು ಹೊರುವ ಹೊತ್ತು ಉಳಿಯಿತೆಂದು ಮಡಿಯ ಕಡೆ ಹೋಗುವುದನ್ನೇ ಬಿಟ್ಟರೆ ಲಾಭಕ್ಕಿಂತ ಹಾನಿಯೇ ಹೆಚ್ಚು. ಉಳಿದ ಹೊತ್ತಿನಲ್ಲಿ ದಿನಕ್ಕೆ ಒಮ್ಮೆ ಮಡಿಯ ಮುಂದೆ ಕುಳಿತು ಎಲೆ ಮಗುಚಿ ನೋಡಿ. ರೈತ ಬಾಂಧವರು ಮನೆಯ ಮಕ್ಕಳೊಡನೆ ಕೂಡಿ ಈ ಪ್ರಯೋಗವನ್ನು ಒಂದು ಮಡಿಯಲ್ಲಿ ಮಾಡಿ ನೋಡಬೇಕು. ಬರೆದಿಟ್ಟ ಪುಸ್ತಕವನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಂದು ತೋರಿಸಿದರೆ ಅಂಕಗಳನ್ನು ತಿದ್ದಿಕೊಳ್ಳುವ ಬಗ್ಗೆ ಅಲ್ಲಿನ ತಜ್ಞರೊಡನೆ ಚರ್ಚಿಸಬಹುದು.